ಸುಂಕದಕಟ್ಟೆಯಲ್ಲಿ ರಸ್ತೆ ದಾಟುವವರು: ಪಾದಚಾರಿ ಸುರಕ್ಷತೆ, ಸಂಚಾರ ಕಾನೂನು ಮತ್ತು ಚಾಲಕ ಶಿಕ್ಷಣ

ಬೆಂಗಳೂರಿನಿಂದ ಪಶ್ಚಿಮಕ್ಕೆ ಹೊರಡುವ ಮಾಗಡಿ ರಸ್ತೆಯಲ್ಲಿ ಸುಂಕವನ್ನು ನೆನಪಿಸುವ ಎರಡು ಹೆಸರುಗಳಿವೆ. ಒಂದು ವಿಜಯನಗರದ ಸಮೀಪದ ಟೋಲ್‌ಗೇಟ್. ಮತ್ತೊಂದು, ಹೊರ ವರ್ತುಲ ರಸ್ತೆಯ ಸುಮನಹಳ್ಳಿ ವೃತ್ತವನ್ನು ದಾಟಿದ ಮೇಲೆ ಸಿಗುವ ಸುಂಕದಕಟ್ಟೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಕನ್ನಡಿಗರಿಗೆಲ್ಲ ಗೊತ್ತು. ಈ ರಸ್ತೆಯನ್ನು ದಿನವೂ ಕಾಲ್ನಡಿಗೆಯಲ್ಲಿ ದಾಟುವವರ ಸ್ಥಿತಿಯೂ ಅದಕ್ಕಿಂತ ಭಿನ್ನವಲ್ಲ. ಪಾದಚಾರಿಗೆ ದಾರಿ ಬಿಡಬೇಕೆಂದು ಕಾನೂನು ಸ್ಪಷ್ಟವಾಗಿ ಹೇಳಿದೆ. ಆದರೆ ಆ ಕಾನೂನನ್ನು ಪಾಲಿಸಬೇಕಾದ ಚಾಲಕನಿಗೆ ಅದನ್ನು ಯಾರೂ ಸರಿಯಾಗಿ ಕಲಿಸಿಲ್ಲ. ಕಲಿತಿದ್ದಾನೆಯೇ ಎಂದು ಪರೀಕ್ಷಿಸಿಯೂ ಇಲ್ಲ.

ಪಾದಚಾರಿಗಳ ಹಕ್ಕುಗಳೇನು, ಚಾಲಕರ ಕರ್ತವ್ಯಗಳೇನು, ಚಾಲನಾ ಶಿಕ್ಷಣದಲ್ಲಿ ಇರುವ ಕೊರತೆ ಯಾವುದು, ಅಪಘಾತ ಸಂಭವಿಸಿದಾಗ ಮಾಡಬೇಕಾದುದೇನು ಎಂಬ ವಿವರಗಳನ್ನು ಈ ಲೇಖನದಲ್ಲಿ ಕೊಡಲಾಗಿದೆ.

ಹಳೆಯ ಊರು, ಹೊಸ ರಸ್ತೆ

ಮಾಗಡಿ ರಸ್ತೆಯು ಮೂಲತಃ ರಾಜಧಾನಿಯನ್ನು ಮಾಗಡಿ ಪಟ್ಟಣಕ್ಕೆ ಜೋಡಿಸುವ ಹೆದ್ದಾರಿ. ಕಾಮಾಕ್ಷಿಪಾಳ್ಯ, ಕೊಟ್ಟಿಗೆಪಾಳ್ಯ, ಸುಂಕದಕಟ್ಟೆ, ಹೇರೋಹಳ್ಳಿ, ಬ್ಯಾಡರಹಳ್ಳಿಗಳು ಅದರ ಆಸುಪಾಸಿನ ಹಳ್ಳಿ, ಪಾಳ್ಯಗಳಾಗಿದ್ದವು. ಉತ್ತರಕ್ಕೆ ಪೀಣ್ಯ ಕೈಗಾರಿಕಾ ಪ್ರದೇಶ ಬೆಳೆಯಿತು. ಹೆಗ್ಗನಹಳ್ಳಿ, ರಾಜಗೋಪಾಲನಗರ, ಕಾಮಾಕ್ಷಿಪಾಳ್ಯಗಳಲ್ಲಿ ಸಣ್ಣ ಕೈಗಾರಿಕೆಗಳೂ ಸಿದ್ಧ ಉಡುಪು ಕಾರ್ಖಾನೆಗಳೂ ತಲೆಯೆತ್ತಿದವು. ಕೆಲಸ ಅರಸಿ ಬಂದ ಕುಟುಂಬಗಳು ಈ ಸುತ್ತಿನಲ್ಲೇ ಬಾಡಿಗೆ ಮನೆ ಹಿಡಿದು ನೆಲೆಸಿದವು. 2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ ಹಾಗೂ ನೂರಕ್ಕೂ ಹೆಚ್ಚು ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು.

ಆಡಳಿತ ಬದಲಾದಷ್ಟು ಬೇಗ ರಸ್ತೆಯ ಸ್ವಭಾವ ಬದಲಾಗಲಿಲ್ಲ. ಊರಿಂದೂರಿಗೆ ಹೋಗುವ ಲಾರಿ, ಬಸ್ಸುಗಳಿಗೆ ಇದು ಇಂದಿಗೂ ಹೆದ್ದಾರಿ. ಇಲ್ಲಿ ವಾಸಿಸುವವರಿಗೆ ಇದೇ ಪೇಟೆ ಬೀದಿ, ಬಸ್ ನಿಲ್ದಾಣ, ಶಾಲೆಯ ದಾರಿ. ಬೆಳಿಗ್ಗೆ ಕಾರ್ಖಾನೆಗೆ ಹೊರಟ ಮಹಿಳೆಯರು, ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು, ತರಕಾರಿ ತರಲು ಬಂದ ಹಿರಿಯರು ಎಲ್ಲರೂ ಒಂದೇ ಹೊತ್ತಿಗೆ ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋಗಬೇಕು. ಹೆದ್ದಾರಿಯ ವೇಗ ಮತ್ತು ಪೇಟೆ ಬೀದಿಯ ಜನಸಂದಣಿ ಒಂದೇ ಕಡೆ ಸೇರಿದಾಗ ಅಪಾಯ ಹುಟ್ಟುತ್ತದೆ. ಸುಂಕದಕಟ್ಟೆ ಇದಕ್ಕೆ ಒಂದು ಉದಾಹರಣೆ ಮಾತ್ರ. ತುಮಕೂರು, ಮೈಸೂರು, ಹೊಸೂರು ರಸ್ತೆಗಳ ಬದಿಯ ಬಡಾವಣೆಗಳಲ್ಲೂ, ರಾಜ್ಯದ ಇತರ ನಗರಗಳ ಹೊರವಲಯದಲ್ಲೂ ಇದೇ ಚಿತ್ರ ಕಾಣುತ್ತದೆ.

ಅಂಕಿ ಅಂಶಗಳು

ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಗಳ ಪ್ರಕಾರ 2016ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಮೃತಪಟ್ಟ ಪಾದಚಾರಿಗಳ ಸಂಖ್ಯೆ 15,746. 2023ರಲ್ಲಿ ಅದು 35,221ಕ್ಕೆ ಏರಿತು. ಆ ವರ್ಷ ರಸ್ತೆ ಅಪಘಾತಗಳಲ್ಲಿ ಸತ್ತವರು ಒಟ್ಟು 1,72,890 ಮಂದಿ. ಅಂದರೆ ಸತ್ತ ಪ್ರತಿ ಐವರಲ್ಲಿ ಒಬ್ಬರು ಯಾವ ವಾಹನವನ್ನೂ ಏರಿರಲಿಲ್ಲ, ನಡೆಯುತ್ತಿದ್ದರು. ಏಳು ವರ್ಷಗಳಲ್ಲಿ ಒಟ್ಟು ಸಾವುಗಳು ಸುಮಾರು ಶೇ 15ರಷ್ಟು ಹೆಚ್ಚಿದರೆ ಪಾದಚಾರಿಗಳ ಸಾವು ಎರಡು ಪಟ್ಟಿಗೂ ಮೀರಿ ಹೆಚ್ಚಿದೆ.

ಕಾರಿಗೆ ಸೀಟ್ ಬೆಲ್ಟ್, ಗಾಳಿಚೀಲಗಳಿವೆ. ಸ್ಕೂಟರ್ ಸವಾರನಿಗೆ ಹೆಲ್ಮೆಟ್ ಇದೆ. ಪಾದಚಾರಿಗೆ ಅಂತಹ ಯಾವ ಕವಚವೂ ಇಲ್ಲ. ಅವನನ್ನು ಕಾಪಾಡುವುದು ಮೂರೇ ಸಂಗತಿಗಳು: ಸರಿಯಾದ ರಸ್ತೆ, ಜಾರಿಯಲ್ಲಿರುವ ಕಾನೂನು ಮತ್ತು ಎದುರಿನ ಚಾಲಕನ ವಿವೇಕ.

ಕಾನೂನು ಏನು ಹೇಳುತ್ತದೆ?

ಪಾದಚಾರಿ ಅಡ್ಡ ಬಂದರೆ ತಪ್ಪು ಅವನದೇ ಎಂಬ ನಂಬಿಕೆ ಚಾಲಕರಲ್ಲಿ ವ್ಯಾಪಕವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. ಈ ವಿಷಯಕ್ಕೆ ಸಂಬಂಧಿಸಿದ ಮುಖ್ಯ ಉಪಬಂಧಗಳು ಹೀಗಿವೆ.

ಮೋಟಾರು ವಾಹನಗಳ (ಚಾಲನೆ) ವಿನಿಯಮಗಳು, 2017: ಹಿಂದೆ ಇದ್ದ 1989ರ ರಸ್ತೆ ನಿಯಮಗಳ ಬದಲಿಗೆ ಇವು ಜಾರಿಗೆ ಬಂದವು. ಸಿಗ್ನಲ್ ದೀಪವಾಗಲಿ ಪೊಲೀಸರಾಗಲಿ ಇಲ್ಲದ ಜೀಬ್ರಾ ಪಟ್ಟಿಯನ್ನು ಸಮೀಪಿಸುವಾಗ ಚಾಲಕನು ವೇಗ ತಗ್ಗಿಸಿ, ನಿಲ್ಲಿಸಿ, ಪಾದಚಾರಿಗಳಿಗೂ ಗಾಲಿಕುರ್ಚಿ ಬಳಸುವವರಿಗೂ ದಾರಿ ಬಿಡಬೇಕು. ಮುಂದೆ ವಾಹನಗಳು ನಿಂತಿದ್ದು, ಪಟ್ಟಿಯ ಮೇಲೆಯೇ ಸಿಲುಕಿಕೊಳ್ಳುವ ಸಂಭವವಿದ್ದರೆ ಅದರೊಳಕ್ಕೆ ವಾಹನ ನುಗ್ಗಿಸಕೂಡದು. ಪಾದಚಾರಿ ಮಾರ್ಗದ ಮೇಲೆ, ಸಮವಸ್ತ್ರದಲ್ಲಿರುವ ಪೊಲೀಸರ ನಿರ್ದೇಶನವಿಲ್ಲದೆ, ವಾಹನ ಓಡಿಸಕೂಡದು. ಮಕ್ಕಳು, ವೃದ್ಧರು, ಅಂಗವಿಕಲರ ವಿಷಯದಲ್ಲಿ ವಿಶೇಷ ಎಚ್ಚರಿಕೆ ವಹಿಸಬೇಕು.

ಮೋಟಾರು ವಾಹನ ಕಾಯ್ದೆ, 1988ರ ಕಲಂ 184: ಅಪಾಯಕಾರಿ ಚಾಲನೆಗೆ ಶಿಕ್ಷೆ ವಿಧಿಸುವ ಕಲಂ ಇದು. 2019ರ ತಿದ್ದುಪಡಿಯ ನಂತರ ಕೆಂಪು ದೀಪ ಉಲ್ಲಂಘನೆ, ನಿಲುಗಡೆ ಸೂಚನೆಯ ಉಲ್ಲಂಘನೆ, ಚಾಲನೆಯ ವೇಳೆ ಮೊಬೈಲ್ ಹಿಡಿಯುವುದು, ಎದುರು ದಿಕ್ಕಿನಲ್ಲಿ ವಾಹನ ಓಡಿಸುವುದು ಇವೆಲ್ಲ ಇದರ ವ್ಯಾಪ್ತಿಗೆ ಬಂದಿವೆ. ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆವಾಸ, ಅಥವಾ 1,000ದಿಂದ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

ಕಲಂ 199ಎ: ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ಅಪರಾಧ ಎಸಗಿದರೆ ಪಾಲಕರು ಅಥವಾ ವಾಹನದ ಮಾಲೀಕರು ಹೊಣೆಗಾರರಾಗುತ್ತಾರೆ. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಮತ್ತು ಹನ್ನೆರಡು ತಿಂಗಳ ಕಾಲ ವಾಹನದ ನೋಂದಣಿ ರದ್ದು ಇದರ ಶಿಕ್ಷೆ.

ಭಾರತೀಯ ನ್ಯಾಯ ಸಂಹಿತೆ: 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯ ಕಲಂ 281 ದುಡುಕಿನ ಚಾಲನೆಯನ್ನು ಶಿಕ್ಷಾರ್ಹವಾಗಿಸಿದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಕಲಂ 106(1)ರಡಿ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಿಂದಿನ ಭಾರತೀಯ ದಂಡ ಸಂಹಿತೆಯ ಕಲಂ 304ಎ ಅಡಿಯಲ್ಲಿ ಈ ಮಿತಿ ಎರಡು ವರ್ಷವಾಗಿತ್ತು.

ಕಾನೂನಿನ ಕೊರತೆ ಇಲ್ಲ ಎಂಬುದು ಇಷ್ಟರಿಂದಲೇ ಸ್ಪಷ್ಟ. ಪಾದಚಾರಿಗೆ ದಾರಿ ಬಿಡುವುದು ಚಾಲಕನ ಸೌಜನ್ಯವಲ್ಲ, ಕರ್ತವ್ಯ.

ವೇಗದ ಲೆಕ್ಕ

ಈ ಕರ್ತವ್ಯವನ್ನು ಪಾಲಿಸಲು ಚಾಲಕನಿಗೆ ಮೊದಲು ಬೇಕಾದುದು ನಿಲ್ಲಿಸಬಲ್ಲ ವೇಗ. ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡ್ ಬೇಕು ಎಂದಿಟ್ಟುಕೊಳ್ಳೋಣ. ಗಂಟೆಗೆ 30 ಕಿ.ಮೀ. ವೇಗದ ವಾಹನ ಆ ಒಂದು ಸೆಕೆಂಡಿನಲ್ಲಿ 8 ಮೀಟರಿಗೂ ಹೆಚ್ಚು ಚಲಿಸಿರುತ್ತದೆ. ಒಣ ರಸ್ತೆ ಮತ್ತು ಉತ್ತಮ ಬ್ರೇಕ್ ಇದ್ದರೆ ಇನ್ನೊಂದು 5 ಮೀಟರಿನಲ್ಲಿ, ಅಂದರೆ ಒಟ್ಟು 13 ಮೀಟರ್ ಚಿಲ್ಲರೆ ದೂರದಲ್ಲಿ ನಿಲ್ಲುತ್ತದೆ. 50 ಕಿ.ಮೀ. ವೇಗದಲ್ಲಿರುವ ವಾಹನ ಆ ಮೊದಲ ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಸಾಗಿರುತ್ತದೆ; ನಿಲ್ಲಲು ಒಟ್ಟು ಸುಮಾರು 28 ಮೀಟರ್ ಬೇಕು. ಮೊದಲನೆಯ ವಾಹನ ಸಂಪೂರ್ಣ ನಿಂತ ಜಾಗದಲ್ಲಿ ಎರಡನೆಯದರ ಬ್ರೇಕ್ ಇನ್ನೂ ಹಿಡಿಯಲು ಆರಂಭಿಸಿಯೇ ಇರುವುದಿಲ್ಲ. ಅಲ್ಲಿ ಒಬ್ಬ ಪಾದಚಾರಿ ಇದ್ದರೆ ಒಂದು ವಾಹನ ಅವನ ಮುಂದೆ ನಿಲ್ಲುತ್ತದೆ, ಇನ್ನೊಂದು ಪೂರ್ಣ ವೇಗದಲ್ಲೇ ಗುದ್ದುತ್ತದೆ. ಮಳೆಗಾಲದಲ್ಲಿ, ಸವೆದ ಟೈರುಗಳಲ್ಲಿ, ಸರಕು ತುಂಬಿದ ಲಾರಿಯಲ್ಲಿ ಈ ದೂರ ಇನ್ನೂ ಹೆಚ್ಚುತ್ತದೆ.

ಕಾರಿನ ಮುಂಭಾಗ ಬಡಿದಾಗ ಪಾದಚಾರಿ ಸಾಯುವ ಸಂಭವವು ವೇಗ 50ರಿಂದ 65 ಕಿ.ಮೀ.ಗೆ ಏರಿದರೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಜನರು ನಡೆದಾಡುವ, ಮಕ್ಕಳು ಆಡುವ ಕಡೆಗಳಲ್ಲಿ ಗರಿಷ್ಠ ವೇಗ 30 ಕಿ.ಮೀ. ಮೀರಬಾರದೆಂಬುದು ಅದರ ಸಲಹೆ. ಆದರೆ 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ನಗರ ಮಿತಿಯೊಳಗಿನ ಗರಿಷ್ಠ ವೇಗ ಕಾರುಗಳಿಗೆ 70 ಕಿ.ಮೀ., ದ್ವಿಚಕ್ರ ವಾಹನಗಳಿಗೆ 60 ಕಿ.ಮೀ. ಎಂದಿದೆ. ಕಲಂ 112ರಡಿ ಇದನ್ನು ಇನ್ನಷ್ಟು ಇಳಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೆ ಇದೆ. ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣಗಳ ಸುತ್ತ ಈ ಅಧಿಕಾರವನ್ನು ಬಳಸಿದಷ್ಟೂ ಜೀವಗಳು ಉಳಿಯುತ್ತವೆ.

ಇದೇ ಲೆಕ್ಕವನ್ನು ಪಾದಚಾರಿಯ ಕಡೆಯಿಂದಲೂ ನೋಡಬಹುದು. ಸಾಮಾನ್ಯ ವ್ಯಕ್ತಿ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆ. ರಸ್ತೆಯ ಒಂದು ಬದಿಯಲ್ಲಿ ಮೂರು ಪಥಗಳಿದ್ದು, ಅಗಲ ಹತ್ತೂವರೆ ಮೀಟರ್ ಎಂದುಕೊಂಡರೆ ಅದನ್ನು ದಾಟಲು ಸುಮಾರು 9 ಸೆಕೆಂಡ್ ಬೇಕು. ಅಷ್ಟರಲ್ಲಿ 50 ಕಿ.ಮೀ. ವೇಗದ ವಾಹನ 125 ಮೀಟರ್ ಬಂದಿರುತ್ತದೆ. ಸೆಕೆಂಡಿಗೆ 0.8 ಮೀಟರ್ ನಡೆಯುವ ವೃದ್ಧರಿಗೆ 13 ಸೆಕೆಂಡ್ ಬೇಕು. ಅವರಿಗೆ 180 ಮೀಟರ್ ಖಾಲಿ ರಸ್ತೆ ಬೇಕು. ದಟ್ಟಣೆಯ ಹೊತ್ತಿನಲ್ಲಿ ಮಾಗಡಿ ರಸ್ತೆಯಂತಹ ರಸ್ತೆಯಲ್ಲಿ ಅಷ್ಟು ಅಂತರ ತಾನಾಗಿ ಸಿಗುವುದಿಲ್ಲ. ಯಾರಾದರೂ ನಿಲ್ಲಿಸಿದರೆ ಮಾತ್ರ ಅವರು ದಾಟಬಲ್ಲರು. ನಿಲ್ಲಿಸುವವರಿಲ್ಲದಿದ್ದಾಗ ಕೈ ಅಡ್ಡ ಹಿಡಿದು, ಪ್ರಾಣವನ್ನು ಪಣಕ್ಕಿಟ್ಟು ನುಗ್ಗುವುದೊಂದೇ ಉಳಿದ ದಾರಿ. ಅದನ್ನೇ ನಾವು ಪಾದಚಾರಿಗಳ ಅಶಿಸ್ತು ಎಂದು ಕರೆಯುತ್ತೇವೆ.

ಚಾಲಕ ಶಿಕ್ಷಣ: ಕೊರತೆ ಎಲ್ಲಿದೆ?

ಚಾಲನಾ ಪರವಾನಗಿ ಪಡೆಯುವವರು ಮೊದಲು ಕಲಿಕಾ ಪರವಾನಗಿಗಾಗಿ, ಅಂದರೆ ಜನರ ಬಾಯಲ್ಲಿರುವ ಎಲ್ಎಲ್ಆರ್‌ಗಾಗಿ, ಸಂಚಾರ ಚಿಹ್ನೆ ಮತ್ತು ನಿಯಮಗಳ ಕುರಿತ ಪ್ರಶ್ನೆಗಳಿಗೆ ಉತ್ತರಿಸಬೇಕು. ಶೇ 60ರಷ್ಟು ಉತ್ತರ ಸರಿಯಾದರೆ ಉತ್ತೀರ್ಣ. ಪಾದಚಾರಿಗೆ ಸಂಬಂಧಿಸಿದ ಒಂದೆರಡು ಪ್ರಶ್ನೆಗಳಿಗೆ ತಪ್ಪು ಉತ್ತರ ಕೊಟ್ಟವರೂ ಹೀಗೆ ಸುಲಭವಾಗಿ ಪಾಸಾಗಬಹುದು.

ನಂತರ ಬರುವುದು ಚಾಲನಾ ಶಾಲೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ಪ್ರಕಾರ ಲಘು ವಾಹನದ ತರಬೇತಿ ಕನಿಷ್ಠ 21 ದಿನ ನಡೆಯಬೇಕು. ಅದರಲ್ಲಿ ಕನಿಷ್ಠ 10 ಗಂಟೆ ನೈಜ ಚಾಲನೆ ಇರಬೇಕು. ಭಾರಿ ವಾಹನಗಳಿಗೆ 30 ದಿನ ಮತ್ತು 15 ಗಂಟೆ. ಆದರೆ ಸಾಮಾನ್ಯ ಅನುಭವದಲ್ಲಿ ಚಾಲನೆ ಕಲಿಯುವುದೆಂದರೆ ಕ್ಲಚ್, ಗೇರ್, ಸ್ಟಿಯರಿಂಗ್ ಹಿಡಿತ ಸಾಧಿಸುವುದು ಎಂದೇ ಅರ್ಥ. ದ್ವಿಚಕ್ರ ವಾಹನವನ್ನಂತೂ ಬಹುತೇಕರು ಅಣ್ಣನಿಂದಲೋ ಗೆಳೆಯನಿಂದಲೋ ಕಲಿಯುತ್ತಾರೆ. ಹಾಗೆ ಕಲಿಸುವವನಿಗೆ ಗೊತ್ತಿರುವುದು ವಾಹನ; ನಿಯಮವಲ್ಲ.

ಕೊನೆಯದು ಚಾಲನಾ ಪರೀಕ್ಷೆ. ಮೇಲೆ ಹೇಳಿದ ನಿಯಮಗಳ 15ನೇ ನಿಯಮ ಅಭ್ಯರ್ಥಿಯು ಏನೇನನ್ನು ಮಾಡಿ ತೋರಿಸಬೇಕೆಂದು ಪಟ್ಟಿ ಮಾಡಿದೆ. ದೀಪವೂ ಪೊಲೀಸರೂ ಇಲ್ಲದ ಪಾದಚಾರಿ ದಾಟುದಾರಿಯಲ್ಲಿ ದಾಟುವವರಿಗೆ ಆದ್ಯತೆ ಕೊಟ್ಟು ಸರಿಯಾಗಿ ನಡೆದುಕೊಳ್ಳುವುದು ಆ ಪಟ್ಟಿಯಲ್ಲಿ ಸ್ಪಷ್ಟವಾಗಿ ಸೇರಿದೆ. ಆದರೆ ಪರೀಕ್ಷೆ ನಡೆಯುವುದು ಬೇಲಿ ಹಾಕಿದ ಪಥದಲ್ಲಿ. ಸುಂಕದಕಟ್ಟೆಯಿಂದ ಕೆಲವೇ ಕಿ.ಮೀ. ದೂರದ ಮಲ್ಲತ್ತಹಳ್ಳಿಯಲ್ಲಿ ಜ್ಞಾನಭಾರತಿ ಪ್ರಾದೇಶಿಕ ಸಾರಿಗೆ ಕಚೇರಿಗೆ ಸೇರಿದ ಗಣಕೀಕೃತ ಪರೀಕ್ಷಾ ಪಥವಿದೆ. ಸಂವೇದಕಗಳೇ ತಪ್ಪುಗಳನ್ನು ದಾಖಲಿಸುವ ಇಂತಹ ಪಥಗಳು ಮಧ್ಯವರ್ತಿಗಳ ಹಾವಳಿಯನ್ನು ತಗ್ಗಿಸಲು ನೆರವಾಗುವುದು ನಿಜ. ಎಂಟರ ಆಕಾರದಲ್ಲಿ ಸ್ಕೂಟರ್ ಓಡಿಸುವುದು, ಕಾಲು ನೆಲಕ್ಕೆ ತಾಗಿಸದಿರುವುದು, ಕಾರನ್ನು ಹಿಮ್ಮುಖವಾಗಿ ತಿರುಗಿಸುವುದು, ಏರಿನಲ್ಲಿ ಹಿಂದಕ್ಕೆ ಜಾರದಂತೆ ನಿಲ್ಲಿಸುವುದು ಇವೆಲ್ಲವನ್ನೂ ಅಲ್ಲಿ ಅಳೆಯಬಹುದು. ಅಳೆಯಲಾಗದ ಸಂಗತಿಯೊಂದಿದೆ. ಆ ಪಥದಲ್ಲಿ ಬಸ್ಸಿನಿಂದಿಳಿದು ಓಡುವ ಹುಡುಗನಿಲ್ಲ, ಕೋಲೂರಿ ದಾಟುವ ಅಜ್ಜಿಯಿಲ್ಲ. ಹೀಗಾಗಿ ಯಾವ ಮನುಷ್ಯನಿಗೂ ಒಮ್ಮೆಯೂ ದಾರಿ ಬಿಡದೆಯೇ ಒಬ್ಬ ವ್ಯಕ್ತಿ ಪರವಾನಗಿ ಪಡೆಯಬಹುದು. ಅಂಥವನು ಮೊದಲ ಬಾರಿಗೆ ಪಾದಚಾರಿಯನ್ನು ಎದುರಿಸುವುದು ಮಾಗಡಿ ರಸ್ತೆಯ ಸಂಜೆಯ ದಟ್ಟಣೆಯಲ್ಲಿ.

ಈ ಕೊರತೆಯನ್ನು ತುಂಬುವ ಯತ್ನವೂ ನಡೆದಿದೆ. 2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮಗಳಲ್ಲಿ ಲಘು ವಾಹನಕ್ಕೆ ಗರಿಷ್ಠ ನಾಲ್ಕು ವಾರಗಳಲ್ಲಿ 29 ಗಂಟೆ, ಭಾರಿ ವಾಹನಕ್ಕೆ ಆರು ವಾರಗಳಲ್ಲಿ 38 ಗಂಟೆ ತರಬೇತಿ ನಿಗದಿಯಾಗಿದೆ. ಇತರ ರಸ್ತೆ ಬಳಕೆದಾರರೊಂದಿಗೆ ಶಿಸ್ತಿನಿಂದ ವರ್ತಿಸುವುದೂ ಪಾಠಕ್ರಮದ ಭಾಗ. ಇಂತಹ ಕೇಂದ್ರಗಳು ಹೆಚ್ಚಿದರೆ ಪ್ರಯೋಜನವಿದೆ. ಆದರೆ ಇಲ್ಲೂ ಕೊನೆಯ ಕೆಲವು ಗಂಟೆಗಳ ಚಾಲನೆ ನಿಜವಾದ ಬೀದಿಯಲ್ಲಿ, ತರಬೇತುದಾರನ ಕಣ್ಣೆದುರಿನಲ್ಲಿ ನಡೆಯುವುದು ಅಗತ್ಯ.

ಕಲಿಸಬೇಕಾದ ಐದು ಪಾಠಗಳು

ಪಾದಚಾರಿ ಸುರಕ್ಷತೆಯ ದೃಷ್ಟಿಯಿಂದ ಚಾಲನಾ ಶಾಲೆಗಳು ಒತ್ತು ಕೊಡಬೇಕಾದ ವಿಷಯಗಳು ಇವು.

1. ಪಕ್ಕದ ವಾಹನ ನಿಂತರೆ ನೀವೂ ನಿಲ್ಲಿಸಿ. ಹಲವು ಪಥಗಳ ರಸ್ತೆಯಲ್ಲಿ ಅತ್ಯಂತ ಅಪಾಯಕಾರಿ ಸನ್ನಿವೇಶ ಇದು. ಒಬ್ಬ ಸಜ್ಜನ ಚಾಲಕ ನಿಲ್ಲಿಸುತ್ತಾನೆ. ಅವನನ್ನು ನಂಬಿ ಪಾದಚಾರಿ ಹೆಜ್ಜೆಯಿಡುತ್ತಾನೆ. ನಿಂತ ಬಸ್ಸಿನ ಮರೆಯಿಂದ ಬೈಕೊಂದು ಪಕ್ಕದಲ್ಲೇ ನುಗ್ಗುತ್ತದೆ. ಇಬ್ಬರಿಗೂ ಒಬ್ಬರು ಇನ್ನೊಬ್ಬರಿಗೆ ಕಾಣುವುದಿಲ್ಲ. ಮುಂದಿನ ವಾಹನ ಕಾರಣವಿಲ್ಲದೆ ನಿಂತಂತೆ ಕಂಡರೆ ಕಾರಣ ಅದರ ಮುಂದಿದೆ ಎಂದೇ ತಿಳಿಯಬೇಕು.

2. ನಿಂತ ಬಸ್ಸಿನ ಬಳಿ ವೇಗ ಇಳಿಸಿ. ಇಳಿದ ಪ್ರಯಾಣಿಕರು ಬಸ್ಸಿನ ಮುಂದಿನಿಂದ ರಸ್ತೆ ದಾಟುವುದು ಸಾಮಾನ್ಯ.

3. ತಿರುವಿನಲ್ಲಿ ಪಾದಚಾರಿಯೇ ಮೊದಲು. ಎಡಕ್ಕೆ ತಿರುಗುವ ಚಾಲಕ ಬಲಗಡೆಯ ವಾಹನಗಳನ್ನು ನೋಡುತ್ತಾನೆ. ಎಡಗಡೆ ದಾಟುತ್ತಿರುವವರು ಅವನಿಗೆ ಕಾಣುವುದಿಲ್ಲ.

4. ಹಾರನ್ ದಾರಿಯ ಹಕ್ಕಲ್ಲ. ಅದು ಎಚ್ಚರಿಕೆ ಮಾತ್ರ. ಹಾರನ್ ಕೇಳಿ ಗಾಬರಿಗೊಂಡ ಮಗುವಾಗಲಿ ವೃದ್ಧರಾಗಲಿ ಹಿಂದಕ್ಕೆ ಓಡುತ್ತಾರೋ ಮುಂದಕ್ಕೆ ಓಡುತ್ತಾರೋ ಹೇಳಲಾಗದು. ಬ್ರೇಕ್ ಒತ್ತುವುದೇ ಸರಿಯಾದ ಉತ್ತರ.

5. ದೊಡ್ಡ ವಾಹನದ ಕುರುಡು ಜಾಗಗಳನ್ನು ಅರಿಯಿರಿ. ಲಾರಿ, ಬಸ್ಸುಗಳ ಮೂತಿಯ ಕೆಳಗೆ ಮತ್ತು ಎಡಬದಿಯಲ್ಲಿ ನಿಂತವರು ಚಾಲಕನಿಗೆ ಕಾಣುವುದಿಲ್ಲ. ನಿಂತ ವಾಹನವನ್ನು ಚಲಾಯಿಸುವ ಮುನ್ನ, ವಿಶೇಷವಾಗಿ ಹಿಂದಕ್ಕೆ ತೆಗೆಯುವ ಮುನ್ನ, ನೋಡುವವರೊಬ್ಬರು ಬೇಕು.

ಜಾರಿಯ ಪ್ರಶ್ನೆ

ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿದೆ. 2022ರ ಡಿಸೆಂಬರಿನಲ್ಲಿ ನಗರದ 50 ವೃತ್ತಗಳಲ್ಲಿ ಕ್ಯಾಮೆರಾ ಆಧಾರಿತ ಸಂಚಾರ ನಿರ್ವಹಣಾ ವ್ಯವಸ್ಥೆಗೆ ಚಾಲನೆ ದೊರೆಯಿತು. ಅತಿವೇಗ, ಕೆಂಪು ದೀಪ ಮತ್ತು ನಿಲುಗಡೆ ಗೆರೆಯ ಉಲ್ಲಂಘನೆ, ಹೆಲ್ಮೆಟ್ ಮತ್ತು ಸೀಟ್ ಬೆಲ್ಟ್ ಇಲ್ಲದಿರುವುದು, ಮೂವರ ಸವಾರಿ, ಮೊಬೈಲ್ ಬಳಕೆ ಇವುಗಳನ್ನು ಅದು ಪತ್ತೆ ಮಾಡುತ್ತದೆ. ನಿಲುಗಡೆ ಗೆರೆಯ ಉಲ್ಲಂಘನೆಗೆ ದಂಡ ಬೀಳುವುದರಿಂದ ಪಾದಚಾರಿಗೆ ಕೊಂಚ ಉಪಕಾರವಾಗುತ್ತದೆ. ಆದರೆ ಸಿಗ್ನಲ್ ಇಲ್ಲದ ಕಡೆ ದಾರಿ ಬಿಡದಿರುವ ಅಪರಾಧವನ್ನು ಯಂತ್ರವೂ ಹಿಡಿಯುವುದಿಲ್ಲ, ಪೊಲೀಸರೂ ವಿರಳವಾಗಿ ದಾಖಲಿಸುತ್ತಾರೆ. ಹೆಲ್ಮೆಟ್ ಧರಿಸದಿದ್ದರೆ ದಂಡ ಬೀಳುತ್ತದೆಂದು ಪ್ರತಿಯೊಬ್ಬ ಸವಾರನಿಗೂ ಗೊತ್ತು. ಜೀಬ್ರಾ ಪಟ್ಟಿಯಲ್ಲಿ ನಿಲ್ಲಿಸದಿದ್ದರೆ ದಂಡ ಬೀಳಬಹುದೆಂದು ಎಷ್ಟು ಮಂದಿಗೆ ಗೊತ್ತು?

ದಂಡದ ಜೊತೆಗೆ ಶಿಕ್ಷಣವನ್ನೂ ಕೊಡಲು ಕಾನೂನಿನಲ್ಲಿ ಅವಕಾಶವಿದೆ. ಅತಿವೇಗ, ಅಪಾಯಕಾರಿ ಚಾಲನೆ ಮೊದಲಾದ ಅಪರಾಧಗಳಲ್ಲಿ ಕಲಂ 206ರಡಿ ಪೊಲೀಸರು ಪರವಾನಗಿಯನ್ನು ವಶಪಡಿಸಿಕೊಂಡು ಅನರ್ಹತೆಗೆ ಕಳುಹಿಸಬಹುದು. ಹಾಗೆ ಅನರ್ಹಗೊಂಡವರು ಪುನರ್ಮನನ ತರಬೇತಿ ಪೂರೈಸಿದ ಮೇಲೆಯೇ ಪರವಾನಗಿ ಹಿಂದಿರುಗಿಸಬೇಕೆಂದು ಕಲಂ 19 ಹೇಳುತ್ತದೆ. ದಂಡ ಪಾವತಿಸಿ ಪ್ರಕರಣ ಮುಗಿಸಿಕೊಳ್ಳುವವರಿಂದ ಸಮುದಾಯ ಸೇವೆ ಮಾಡಿಸಲು ಕಲಂ 200ರಲ್ಲಿ ಅವಕಾಶವಿದೆ. ನಗರ ಸಂಚಾರ ಪೊಲೀಸರು ಥಣಿಸಂದ್ರದಲ್ಲಿ ಸಂಚಾರ ತರಬೇತಿ ಮತ್ತು ರಸ್ತೆ ಸುರಕ್ಷತಾ ಸಂಸ್ಥೆಯನ್ನು ನಡೆಸುತ್ತಿದ್ದಾರೆ. ಐನೂರು ರೂಪಾಯಿ ಕಟ್ಟಿ ಮರೆತುಬಿಡುವ ಚಾಲಕನಿಗಿಂತ, ಶಾಲೆಯ ಮುಂದೆ ಒಂದು ಬೆಳಿಗ್ಗೆ ನಿಂತು ಮಕ್ಕಳನ್ನು ರಸ್ತೆ ದಾಟಿಸಿದ ಚಾಲಕನಿಗೆ ಪಾಠ ಹೆಚ್ಚು ಕಾಲ ನೆನಪಿರುತ್ತದೆ.

ಬೇರೆ ದೇಶಗಳ ಅನುಭವ

ಬ್ರಿಟನ್ನಿನಲ್ಲಿ 1934ರಲ್ಲಿ 7,343 ಮಂದಿ ರಸ್ತೆಯಲ್ಲಿ ಸತ್ತರು; ಸುಮಾರು ಅರ್ಧದಷ್ಟು ಮಂದಿ ಪಾದಚಾರಿಗಳು. ಆಗ ಅಲ್ಲಿ ಪರೀಕ್ಷೆಯಿಲ್ಲದೆಯೇ ವಾಹನ ಓಡಿಸಬಹುದಿತ್ತು. ಅದೇ ವರ್ಷ ದಾಟುದಾರಿಗಳಿಗೆ ದೀಪಸ್ತಂಭಗಳನ್ನು ನೆಡಲು ಆರಂಭಿಸಲಾಯಿತು. 1935ರಲ್ಲಿ ಜನವಸತಿ ಪ್ರದೇಶಗಳಿಗೆ ಗಂಟೆಗೆ 30 ಮೈಲಿಯ ವೇಗಮಿತಿಯೂ ಕಡ್ಡಾಯ ಚಾಲನಾ ಪರೀಕ್ಷೆಯೂ ಬಂದವು. ಆ ವರ್ಷ ಸಾವಿನ ಸಂಖ್ಯೆ 6,502ಕ್ಕೆ ಇಳಿಯಿತು. ಜೀಬ್ರಾ ಪಟ್ಟಿ ಬಂದುದು 1951ರಲ್ಲಿ. 2022ರ ಜನವರಿಯಲ್ಲಿ ಅಲ್ಲಿನ ಹೆದ್ದಾರಿ ಸಂಹಿತೆಯನ್ನು ಪರಿಷ್ಕರಿಸಿ, ಹೆಚ್ಚು ಹಾನಿ ಮಾಡಬಲ್ಲ ವಾಹನದವನಿಗೇ ಹೆಚ್ಚು ಹೊಣೆ ಎಂಬ ತತ್ವವನ್ನು ಸೇರಿಸಲಾಯಿತು. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ 2019ರ ಇಡೀ ವರ್ಷ ಒಬ್ಬ ಪಾದಚಾರಿಯೂ ರಸ್ತೆ ಅಪಘಾತದಲ್ಲಿ ಸಾಯಲಿಲ್ಲ. ವೇಗಮಿತಿ, ರಸ್ತೆ ವಿನ್ಯಾಸ, ಪರೀಕ್ಷೆ ಮತ್ತು ಕಾನೂನು ಒಟ್ಟಿಗೆ ನಡೆದಾಗ ಫಲ ಸಿಗುತ್ತದೆ ಎಂಬುದಕ್ಕೆ ಇವು ಸಾಕ್ಷಿ.

ರಸ್ತೆ ನಿರ್ಮಿಸುವವರ ಹೊಣೆ

ಎಲ್ಲ ಭಾರವನ್ನೂ ಚಾಲಕನ ಮೇಲೆ ಹೊರಿಸುವುದು ನ್ಯಾಯವಲ್ಲ. ಫುಟ್‌ಪಾತ್ ಇಲ್ಲದ ಕಡೆ ಜನ ರಸ್ತೆಯಲ್ಲೇ ನಡೆಯುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 103ನೇ ಮಾರ್ಗಸೂಚಿಯ ಪ್ರಕಾರ ಪಾದಚಾರಿ ಮಾರ್ಗದಲ್ಲಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದ ಅಡೆತಡೆಯಿಲ್ಲದ ಜಾಗವಿರಬೇಕು. ಅಂಚಿನ ಕಲ್ಲು 15 ಸೆಂಟಿಮೀಟರಿಗಿಂತ ಎತ್ತರವಿರಬಾರದು. ಚರ್ಚ್ ಸ್ಟ್ರೀಟ್‌ನಂತಹ ನಗರ ಮಧ್ಯದ ಬೀದಿಗಳಲ್ಲಿ ನಡೆಯುವವರಿಗೆ ಸಿಕ್ಕಿರುವ ಅನುಕೂಲ ಹೊರವಲಯದ ಬಡಾವಣೆಗಳನ್ನು ಇನ್ನೂ ಮುಟ್ಟಿಲ್ಲ. ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯ ದೋಷದಿಂದ ಸಾವು ಅಥವಾ ಅಂಗವೈಕಲ್ಯ ಸಂಭವಿಸಿದರೆ ಸಂಬಂಧಿಸಿದ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು 2019ರಲ್ಲಿ ಸೇರಿಸಿದ ಕಲಂ 198ಎ ಅವಕಾಶ ಕೊಡುತ್ತದೆ.

ಸುಸ್ಥಿತಿಯ ರಸ್ತೆ ಮತ್ತು ಪಾದಚಾರಿ ಮಾರ್ಗ ಸಂವಿಧಾನದ 21ನೇ ವಿಧಿಯಡಿ ನಾಗರಿಕರ ಹಕ್ಕು ಎಂಬುದನ್ನು ಕರ್ನಾಟಕ ಹೈಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಕೊಯಮತ್ತೂರಿನ ಮೂಳೆ ತಜ್ಞ ಡಾ. ಎಸ್. ರಾಜಶೇಖರನ್ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ ಕೂಡ 2025ರ ಮೇ ತಿಂಗಳಲ್ಲಿ ಇದೇ ಮಾತನ್ನು ಹೇಳಿತು. 2025ರ ಅಕ್ಟೋಬರ್ 7ರ ತೀರ್ಪಿನಲ್ಲಿ 50 ನಗರಗಳ ಫುಟ್‌ಪಾತ್ ಮತ್ತು ದಾಟುದಾರಿಗಳ ಪರಿಶೋಧನೆ ನಡೆಸಲು, ಕಲಂ 138(1ಎ) ಅಡಿ ಪಾದಚಾರಿಗಳಿಗೆ ಸಂಬಂಧಿಸಿದ ನಿಯಮಗಳನ್ನು ಆರು ತಿಂಗಳೊಳಗೆ ರೂಪಿಸಲು ರಾಜ್ಯಗಳಿಗೆ ನಿರ್ದೇಶನ ನೀಡಿತು.

ಸುಂಕದಕಟ್ಟೆಗೆ ಇದು ತುರ್ತಿನ ವಿಷಯ. ಕೇಂದ್ರ ಸಚಿವ ಸಂಪುಟವು 2024ರ ಆಗಸ್ಟ್ 16ರಂದು ಒಪ್ಪಿಗೆ ನೀಡಿದ ನಮ್ಮ ಮೆಟ್ರೊ ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಯವರೆಗೆ ಮಾಗಡಿ ರಸ್ತೆಯ ಮೇಲೆ 12.5 ಕಿ.ಮೀ. ಉದ್ದದ, ಒಂಬತ್ತು ನಿಲ್ದಾಣಗಳ ಮಾರ್ಗ ಬರಲಿದೆ. ಅವುಗಳಲ್ಲಿ ಸುಂಕದಕಟ್ಟೆಯೂ ಒಂದು. ಮೆಟ್ರೊ ನಿಲ್ದಾಣಕ್ಕೆ ಬರುವವರೆಲ್ಲ ಕೊನೆಗೂ ಪಾದಚಾರಿಗಳೇ. ಕಾಮಗಾರಿಯ ವರ್ಷಗಳಲ್ಲಿ ತಡೆಗೋಡೆಗಳು ಮೊದಲು ನುಂಗುವುದು ಫುಟ್‌ಪಾತನ್ನು ಎಂಬುದು ನಗರದ ಅನುಭವ. ತಾತ್ಕಾಲಿಕ ನಡೆದಾರಿ, ಬೆಳಕು ಮತ್ತು ದಾಟುದಾರಿಗಳನ್ನು ಗುತ್ತಿಗೆಯ ಷರತ್ತಿನಲ್ಲೇ ಸೇರಿಸಿ ಪಾಲಿಸುವುದು ಈಗಲೇ ಆಗಬೇಕಾದ ಕೆಲಸ.

ಅಪಘಾತ ಸಂಭವಿಸಿದರೆ

* ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಬೇಕು. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು, ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯ ಎಂದು ಕಲಂ 134 ಹೇಳುತ್ತದೆ.

* ನೆರವಿಗೆ ಬಂದವರು ಹೆದರಬೇಕಿಲ್ಲ. ಕಲಂ 134ಎ ಹಾಗೂ ಕರ್ನಾಟಕದ 2016ರ ಜೀವರಕ್ಷಕರ ಕಾಯ್ದೆ ಅವರಿಗೆ ರಕ್ಷಣೆ ನೀಡುತ್ತವೆ.

* 2025ರ ಮೇ ತಿಂಗಳಿಂದ ಜಾರಿಯಲ್ಲಿರುವ ಕೇಂದ್ರದ ಯೋಜನೆಯಡಿ, ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ದೊರೆಯುತ್ತದೆ.

* ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಕಲಂ 161ರಡಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಅರ್ಜಿಯನ್ನು ತಹಸೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ದರ್ಜೆಯ ವಿಚಾರಣಾ ಅಧಿಕಾರಿಗೆ ಸಲ್ಲಿಸಬೇಕು.

* ವಾಹನ ಪತ್ತೆಯಾದರೆ ಕಲಂ 166ರಡಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯ ಈ ಕೆಲಸ ನಿರ್ವಹಿಸುತ್ತದೆ. ಕಾಯ್ದೆಯಲ್ಲಿ ಆರು ತಿಂಗಳ ಕಾಲಮಿತಿ ಇರುವುದರಿಂದ ವಿಳಂಬ ಮಾಡಬಾರದು.

ಪಾದಚಾರಿಗಳೂ ಗಮನಿಸಬೇಕು

ಹಕ್ಕು ಇದೆಯೆಂದು ಎಚ್ಚರ ತಪ್ಪಬಾರದು. ಫುಟ್‌ಪಾತ್ ಇಲ್ಲದ ಕಡೆ ವಾಹನಗಳಿಗೆ ಎದುರಾಗಿ, ರಸ್ತೆಯ ಬಲ ಅಂಚಿನಲ್ಲಿ ನಡೆಯುವುದು ಒಳ್ಳೆಯದು. ರಾತ್ರಿ ತಿಳಿ ಬಣ್ಣದ ಉಡುಪು ಚಾಲಕರಿಗೆ ಬೇಗ ಕಾಣುತ್ತದೆ. ರಸ್ತೆ ವಿಭಜಕವನ್ನು ಹಾರಬಾರದು. ದಾಟುವಾಗ ಮೊಬೈಲ್ ನೋಡಬಾರದು. ಒಂದು ವಾಹನ ನಿಂತಿತೆಂದು ಓಡದೆ, ಅದರ ಅಂಚಿನಲ್ಲಿ ಒಂದು ಕ್ಷಣ ನಿಂತು ಪಕ್ಕದ ಪಥವನ್ನು ನೋಡಿ ಮುಂದೆ ಹೆಜ್ಜೆಯಿಡಬೇಕು.

ಆದರೆ ತಪ್ಪು ಮಾಡಿದ ಪಾದಚಾರಿಗೆ ಮರಣದಂಡನೆ ವಿಧಿಸಲು ಯಾವ ಕಾನೂನಿನಲ್ಲೂ ಅವಕಾಶವಿಲ್ಲ. ವಾಹನ ಹಿಡಿದವನ ಕೈಯಲ್ಲಿ ಕೊಲ್ಲುವ ಶಕ್ತಿ ಇದೆ. ನಡೆಯುವವನ ಕೈಯಲ್ಲಿ ಇಲ್ಲ. ಹೊಣೆಯೂ ಆ ಪ್ರಮಾಣದಲ್ಲೇ ಹಂಚಿಕೆಯಾಗಬೇಕು. ಪರವಾನಗಿ ಕೊಡುವ ಮುನ್ನ ಪ್ರತಿಯೊಬ್ಬ ಅಭ್ಯರ್ಥಿಯೂ ನಿಜವಾದ ರಸ್ತೆಯಲ್ಲಿ, ನಿಜವಾದ ಮನುಷ್ಯನೊಬ್ಬನಿಗಾಗಿ ಒಮ್ಮೆಯಾದರೂ ವಾಹನ ನಿಲ್ಲಿಸಿ ತೋರಿಸಬೇಕು. ನಿಯಮ ಪುಸ್ತಕದಲ್ಲಿ 1989ರಿಂದಲೂ ಇರುವುದು ಇಷ್ಟೇ. ಅದನ್ನು ಪರೀಕ್ಷೆಯಲ್ಲಿ ಕೇಳಲು ಹೊಸ ಕಾಯ್ದೆಯೇನೂ ಬೇಕಿಲ್ಲ.